ಹಳೇ ಕಾಂಪೌಂಡ್ ಬಿಲ್ಲು ಎಳೀಬಹುದಾ?

ಪ್ರಶ್ನೆ: ಸರ್, ನಮ್ಮ ಮಾವ 20 ವರ್ಷ ಅಟ್ಟದ ಮೇಲಿಟ್ಟಿದ್ದ ಕಾಂಪೌಂಡ್ ಬಿಲ್ಲು (ಎರಡೂ ತುದೀಲಿ ಗಾಲಿ ಇರೋದು) ಕೊಟ್ಟಿದಾರೆ, ನೋಡೋಕೆ ಹೊಸದರ ಥರಾನೇ ಇದೆ. ಬಾಣ ಇಲ್ದೆ ಒಂದ್ಸಲ ಸುಮ್ನೆ ಎಳೆದು ಬಿಟ್ಟು ನೋಡ್ಲಾ?

ಉತ್ತರ: ಅಯ್ಯೋ, ಅದೊಂದು ಮಾಡ್ಬೇಡಿ! ಬಾಣಕ್ಕೆ ಹೋಗಬೇಕಾದ ಶಕ್ತಿ ಎಲ್ಲಾ ವಾಪಸ್ ಬಿಲ್ಲಿಗೇ ಹೊಡೆಯುತ್ತೆ, ಗಟ್ಟಿಮುಟ್ಟಾದ ಬಿಲ್ಲೇ ಮುರಿದು ಹೋಗಬಹುದು, ಇನ್ನು ಇದರ ಕಥೆ ಕೇಳ್ಬೇಡಿ. ಹೊಳಪು ನೋಡಿ ಏನೂ ಗೊತ್ತಾಗಲ್ಲ. ಅಟ್ಟದ ಬಿಸಿಗೆ ಲಿಂಬ್ (ಬಿಲ್ಲಿನ ಬಾಗೋ ತೋಳು) ಒಳಗಿನ ಪದರಗಳು ಬಿಟ್ಕೊಂಡಿರಬಹುದು, ಅದಕ್ಕೆ ಒಂದು ಹತ್ತಿ ಉಂಡೆ ತಗೊಂಡು ಎರಡೂ ಲಿಂಬ್ ಉದ್ದಕ್ಕೂ, ಮುಖ್ಯವಾಗಿ ಅಂಚುಗಳಲ್ಲಿ ಮತ್ತೆ ಕ್ಯಾಮ್ (ದಾರ ಸುತ್ತಿರೋ ಗಾಲಿ) ಕೂತಿರೋ ತುದಿ ಹತ್ರ ನಿಧಾನಕ್ಕೆ ಸವರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಸೀಳು ಇದೆ ಅಂತ ಅನುಮಾನ ಪಡಿ (ಬರಿಗೈಲಿ ಸವರಿದ್ರೆ ಫೈಬರ್‌ಗ್ಲಾಸ್ ಸಿಬಿರು ಚುಚ್ಚುತ್ತೆ, ಆಮೇಲೆ ನನ್ನ ಬೈಬೇಡಿ). ಲಿಂಬ್ ಸೀಳಿದ್ರೆ ಅಂಟು ಹಾಕೋ ಮಾತೇ ಇಲ್ಲ, ಬದಲಾಯಿಸಬೇಕು, ಹಳೇ ಮಾಡೆಲ್‌ಗೆ ಲಿಂಬ್ ಸಿಗೋದೇ ಕಷ್ಟ, ಸಿಗದಿದ್ರೆ ಗೋಡೆಗೆ ನೇತು ಹಾಕಿ.

ಕ್ಯಾಮ್ ಸೊಟ್ಟಗಿದ್ಯಾ, ಅದು ತಿರುಗೋ ಆಕ್ಸಲ್ (ಅಚ್ಚು) ತುದಿಯ ಕ್ಲಿಪ್ ಇದ್ಯಾ ನೋಡಿ. ದಾರ, ಕೇಬಲ್ ಚೆನ್ನಾಗಿ ಕಂಡ್ರೂ 20 ವರ್ಷದ್ದನ್ನ ನಂಬೋಕಾಗಲ್ಲ, ಹೊಸದು ಹಾಕ್ಸಿ. ಆದ್ರೆ ನೀವೇ ಬಿಚ್ಚೋಕೆ ಹೋಗ್ಬೇಡಿ, ಲಿಂಬ್ ಯಾವಾಗ್ಲೂ ಬಿಗಿದೇ ಇರುತ್ತೆ, ಬೋ ಪ್ರೆಸ್ (ಲಿಂಬ್‌ಗಳನ್ನ ಅದುಮಿ ಹಿಡಿಯೋ ಸಾಧನ) ಇರೋರ ಹತ್ರಾನೇ ಮಾಡಿಸ್ಬೇಕು. ಅವರು ಸರಿ ಇದೆ ಅಂದ್ಮೇಲೆ ಎಳೆತದ ತೂಕ (ದಾರ ಎಳೆಯೋಕೆ ಬೇಕಾದ ಬಲ) ಕಡಿಮೆ ಮಾಡ್ಕೊಂಡು, ಕಣ್ಣು ಕಾಪಾಡೋ ಕನ್ನಡಕ ಹಾಕ್ಕೊಂಡು, ತೀರಾ ಹಗುರ ಅಲ್ಲದ ಬಾಣ ಇಟ್ಟು ಹೊಡೀರಿ.