ಯುರೋಪಿನ ಕಾನೂನು ಹೇಗಾಗುತ್ತದೆ ಅಂತ ಮೈಸೂರಿನ ಅಧಿಕಾರಿಗಳಿಗೆ ಯಾಕೆ ಕಲಿಸಬೇಕು, ಹೇಗೆ ಕಲಿಸಬೇಕು?

ಯಾಕೆ ಅನ್ನುವುದಕ್ಕೆ ಪಕ್ಕದ ಕೊಡಗಿನ ಕಾಫಿ ನೋಡಿ ಸಾಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತಮ್ಮಲ್ಲಿ ಮಾರುವಂತಿಲ್ಲ ಅಂತ ಯುರೋಪಿಯನ್ ಯೂನಿಯನ್ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನವನ್ನು ಆಮೇಲೆ ಮುಂದೂಡಿದರು, ಅದು ಬೇರೆ ಮಾತು. ಕಾನೂನು ಬಂದ ಮೇಲೆ ಓಡಾಡುವುದಕ್ಕಿಂತ ಕರಡು ಇದ್ದಾಗಲೇ ಮಾತಾಡಬೇಕು, ಅಲ್ವಾ?

ಅಲ್ಲಿ ಕರಡು ತರುವುದು ಕಮಿಷನ್, ಅಂದರೆ ಯೂನಿಯನ್ನಿನ ಕಾರ್ಯಾಂಗ. ಪಾರ್ಲಿಮೆಂಟಿನಲ್ಲಿ 720 ಸದಸ್ಯರಿದ್ದರೂ ಅವರು ನೇರವಾಗಿ ಮಸೂದೆ ತರುವ ಹಾಗಿಲ್ಲ, ತಿದ್ದಬಹುದು, ತಳ್ಳಿಹಾಕಬಹುದು. ಇನ್ನೊಂದು ಕಡೆ 27 ದೇಶಗಳ ಮಂತ್ರಿಗಳ ಕೌನ್ಸಿಲ್. ಅಲ್ಲಿ ಸಾಮಾನ್ಯವಾಗಿ 15 ದೇಶ ಒಪ್ಪಬೇಕು, ಆ ದೇಶಗಳಲ್ಲಿ ಒಟ್ಟು ಜನಸಂಖ್ಯೆಯ ಶೇ. 65 ಇರಬೇಕು. ನಮ್ಮ ಜಿಎಸ್‌ಟಿ ಕೌನ್ಸಿಲ್ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ. ಅಲ್ಲೂ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಉಳಿದದ್ದು ರಾಜ್ಯಗಳದ್ದು, ನಿರ್ಧಾರಕ್ಕೆ ಮುಕ್ಕಾಲು ಬೇಕು.

ಆದರೆ ನಿಜವಾದ ಚೌಕಾಸಿ ನಡೆಯುವುದು ಈ ಮೂವರೂ ಮುಚ್ಚಿದ ಬಾಗಿಲ ಹಿಂದೆ ಕೂರುವ 'ಟ್ರೈಲಾಗ್'ನಲ್ಲಿ. ಇದನ್ನು ಸುಮ್ನೆ ಸ್ಲೈಡ್ ತೋರಿಸಿ ಕಲಿಸಲು ಆಗುವುದಿಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಂಥ ಕಡೆ ಒಂದು ದಿನ ಪಾತ್ರ ಹಂಚಿ, ಒಬ್ಬರಿಗೆ ಜರ್ಮನಿ, ಒಬ್ಬರಿಗೆ ಮಾಲ್ಟಾ ಕೊಟ್ಟು, ಕಾಫಿ ಕಾನೂನಿನ ಒಂದೇ ಒಂದು ಕಲಂ ಮೇಲೆ ಸಂಜೆವರೆಗೆ ಚರ್ಚೆ ಮಾಡಿಸಿ. ಮಂಡ್ಯದ ಕಡೆಯ ಅಧಿಕಾರಿಗಳಿಗಂತೂ ಕಾವೇರಿ ವಿಷಯದಿಂದಾಗಿ ಇಂಥ ಹಗ್ಗಜಗ್ಗಾಟ ಹೊಸದೇನಲ್ಲ.