ಓದುಗರ ಪ್ರಶ್ನೆ: ಊರು ಸುತ್ತಿದವಳ ಉತ್ತರ

ನೋಡಿದ ಊರುಗಳಲ್ಲಿ ಒಂದಕ್ಕೆ ಮತ್ತೆ ಹೋಗುವುದಾದರೆ ಯಾವುದಕ್ಕೆ? (ಹಾವೇರಿಯ ಓದುಗರು)

ಇಸ್ತಾಂಬುಲ್‌ಗೆ. ಎಮಿನೋನು ಕಟ್ಟೆಯಲ್ಲಿ ಕಾಡಿಕೋಯ್‌ಗೆ ಹೋಗುವ ಲಾಂಚ್ ಹತ್ತಬೇಕು. ಪ್ರವಾಸಿಗರದ್ದಲ್ಲ, ಊರಿನವರು ದಿನಾ ಕೆಲಸಕ್ಕೆ ಹೋಗುವ ಲಾಂಚ್. ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾಕ್ಕೆ ದಾಟಿಸುತ್ತದೆ. ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ, ಜೊತೆಗೆ ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ಎಂಬ ಬ್ರೆಡ್. ಪಕ್ಕದಲ್ಲಿದ್ದ ಅಜ್ಜಿ ತನ್ನ ಸಿಮಿತ್ ಮುರಿದು ಅರ್ಧ ನನ್ನ ಕೈಗಿಟ್ಟಳು. ಉಳಿದದ್ದನ್ನು ಚೂರು ಮಾಡಿ ಕಡಲಹಕ್ಕಿಗಳಿಗೆ ಎಸೆದಳು. ಅವು ಗಾಳಿಯಲ್ಲೇ ಹಿಡಿದವು. ಹಿಂದೆ ಹಾಗಿಯಾ ಸೋಫಿಯಾದ ಗುಮ್ಮಟ: 537ರಲ್ಲಿ ಚರ್ಚ್, 1453ರಲ್ಲಿ ಮಸೀದಿ, ಆಮೇಲೆ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ಒಳಗೆ ನಿಂತು ನೋಡಿದ್ದಕ್ಕಿಂತ ನೀರಿನ ಮೇಲಿಂದ ಕಂಡದ್ದೇ ನನ್ನ ಕಣ್ಣಲ್ಲಿ ಉಳಿದಿದೆ.

ಪರದೇಶದಲ್ಲಿ ಊರು ನೆನಪಾಗಿ ಅಳು ಬಂದದ್ದುಂಟೇ? (ಕುಮಟೆಯ ಓದುಗರು)

ಉಂಟು, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ. ಅಲ್ಲಿಯ ಬೆಲೆಂ ಎಂಬಲ್ಲಿ ಜೆರೊನಿಮೊಸ್ ಮಠವಿದೆ. 1501ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಸುಂಕದ ಹಣ ಅದಕ್ಕೆ ಹೋಗಿದೆ. ಬಿಳಿಕಲ್ಲಿನ ಕಂಬಗಳ ಕೆತ್ತನೆ ಅಷ್ಟು ಚೆಂದ. ಬಾಗಿಲು ದಾಟಿದರೆ ವಾಸ್ಕೋ ಡ ಗಾಮನ ಸಮಾಧಿ. ಕಲ್ಲಿನ ಗಾಮ ಕೈಮುಗಿದು ಮಲಗಿದ್ದಾನೆ.

ನಾನು ಶಿರಸಿ ಸೀಮೆಯವಳು. ನಮ್ಮ ಅಡಿಕೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರು. ಕೊಯ್ಲಿನ ದಿನಗಳಲ್ಲಿ ಅಮ್ಮ ಅಂಗಳದಲ್ಲಿ ಗೊಂಚಲು ತುಳಿದು ಕಾಳು ಬಿಡಿಸುತ್ತಿದ್ದಳು. ರಾತ್ರಿ ಅಂಗಾಲು ಉರಿ ತಡೆಯದೆ ತಣ್ಣೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಆ ಕಾಳಿಗಾಗಿಯೇ ತಾನೇ ಇವರ ಹಡಗುಗಳು ನಮ್ಮ ಕಡಲಿಗೆ ಬಂದದ್ದು! ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಎಂದು ಕರೆದರು. ಅಲ್ಲಿ ನಾನು ಓದಿದ ಒಂದು ಫಲಕದಲ್ಲೂ ಅವಳ ಹೆಸರಿರಲಿಲ್ಲ. ಸಿಟ್ಟೂ ಬಂತು, ಅಮ್ಮನ ಕಾಲೂ ನೆನಪಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ವೆನಿಸ್‌ಗೆ ಒಂದು ದಿನ ಸಾಕೇ? (ದಾವಣಗೆರೆಯ ಓದುಗರು)

ಸಾಲದು. ಒಂದು ರಾತ್ರಿಯಾದರೂ ಉಳಿಯಿರಿ. ಹಳೆಯ ಊರಲ್ಲಿ ಈಗ ಐವತ್ತು ಸಾವಿರ ಜನವೂ ವಾಸವಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 2024ರಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವೂ ಇದೆ. ಅವರೆಲ್ಲ ಹೋದ ಮೇಲೆ ಓಣಿಗಳಲ್ಲಿ ನಿಮ್ಮ ಹೆಜ್ಜೆಯ ಸಪ್ಪಳ ನಿಮಗೇ ಕೇಳುತ್ತದೆ.

ಲಾವೋಸ್‌ನ ಲುವಾಂಗ್ ಪ್ರಬಾಂಗ್‌ನಲ್ಲಿ ಭಿಕ್ಷುಗಳ ಫೋಟೊ ತೆಗೆಯಬಹುದೇ? (ಮೈಸೂರಿನ ಓದುಗರು)

ದೂರದಿಂದ, ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. ನಾನು ಮಾತ್ರ ತೆಗೆಯಲಿಲ್ಲ. ಬೆಳಕು ಹರಿಯುವ ಮೊದಲು ಎದುರಿನ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಹೆಂಗಸರು ಮಂಡಿಯೂರಿ, ಬಿದಿರಿನ ಬುಟ್ಟಿಯಿಂದ ಅಂಟನ್ನದ ಒಂದೊಂದು ತುತ್ತು ತೆಗೆದು, ಸಾಲಾಗಿ ಬರುವ ಭಿಕ್ಷುಗಳ ಪಾತ್ರೆಗಳಿಗೆ ಹಾಕುತ್ತಿದ್ದರು. ಮಾತಿಲ್ಲ, ಬರಿಗಾಲಿನ ಸದ್ದು ಮಾತ್ರ. ಸಾಲಿನ ಕೊನೆಯಲ್ಲಿ ಹರಕು ಅಂಗಿಯ ಹುಡುಗನೊಬ್ಬ ಖಾಲಿ ಬುಟ್ಟಿ ಹಿಡಿದು ಕೂತಿದ್ದ. ಅವನದೇ ವಯಸ್ಸಿನ ಪುಟ್ಟ ಭಿಕ್ಷು ನಿಂತು, ತನ್ನ ಪಾತ್ರೆಯಿಂದ ಅನ್ನ ತೆಗೆದು ಆ ಬುಟ್ಟಿಗೆ ಹಾಕಿ ಮುಂದೆ ಹೋದ.