ಕುದುರೆ ಮುಖದ ವೈಣಿಕ ಯಾರು?

ಪ್ರಶ್ನೆ: ನಮ್ಮೂರ ಗುಡಿಯ ಗೋಡೆಯಲ್ಲಿ ಕುದುರೆ ಮುಖದವನೊಬ್ಬ ವೀಣೆ ಹಿಡಿದು ನಿಂತಿದ್ದಾನೆ. ತುಂಬುರು, ಕಿನ್ನರ, ಹಯಗ್ರೀವ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುರುತಿಸುವುದು ಹೇಗೆ?

ಉತ್ತರ: ಮೊದಲು ಕೈಗಳನ್ನು ಎಣಿಸಿ. ನಾಲ್ಕು ಕೈಗಳಿದ್ದು ಶಂಖ, ಚಕ್ರ, ಪುಸ್ತಕ ಕಂಡರೆ ಹಯಗ್ರೀವ. ಅವನು ವಿಷ್ಣುವಿನ ರೂಪ, ಗಂಧರ್ವನಲ್ಲ. ಎರಡೇ ಕೈ, ಅದರಲ್ಲಿ ವೀಣೆ ಎಂದಾದರೆ ಅಕ್ಕಪಕ್ಕ ಯಾರಿದ್ದಾರೆ ನೋಡಿ. ವಿಷ್ಣುವಿನ ಸನ್ನಿಧಿಯಲ್ಲಿ ಒಂದು ಬದಿಗೆ ಮನುಷ್ಯಮುಖದ ನಾರದ, ಇನ್ನೊಂದು ಬದಿಗೆ ಇವನು ಇದ್ದರೆ ಗಂಧರ್ವ ಗಾಯಕ ತುಂಬುರುವೇ. ಹೆಣ್ಣು ಗಂಡು ಜೋಡಿಯಾಗಿದ್ದರೆ, ಅಥವಾ ಸೊಂಟದಿಂದ ಕೆಳಗೆ ಹಕ್ಕಿಯ ಮೈ ಇದ್ದರೆ ಕಿನ್ನರ. ಸಂಸ್ಕೃತ ನಿಘಂಟು ಅಮರಕೋಶ ಕಿನ್ನರನನ್ನೂ 'ತುರಂಗವದನ', ಅಂದರೆ ಕುದುರೆ ಮುಖದವನು ಎಂದೇ ಕರೆಯುತ್ತದೆ. ಹಾಗಾಗಿ ಮುಖವೊಂದನ್ನೇ ನಂಬಿದರೆ ಗುರುತು ತಪ್ಪುತ್ತದೆ. ಬಾದಾಮಿಯ ಗುಹೆಗಳ ಛಾವಣಿಯಲ್ಲಿರುವಂಥ ಹಾರುವ ದಂಪತಿಗಳನ್ನು ಗಂಧರ್ವರೆನ್ನುವ ರೂಢಿಯೂ ಇದೆ, ಆದರೆ ಅವರಿಗೆ ವಿದ್ಯಾಧರರೆಂಬ ಹೆಸರೇ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಗಂಧರ್ವರು ಹಾಡುಗಾರರಲ್ಲವೇ? ಚಿತ್ರಸೇನ ಕೌರವನನ್ನು ಹೆಡೆಮುರಿ ಕಟ್ಟಿದ್ದು ಹೇಗೆ? ಅರ್ಜುನ ರಥ ಸುಟ್ಟದ್ದು ಇವನದ್ದೇ?

ಉತ್ತರ: ಹಾಡು ಅವರ ಒಂದು ಮುಖ ಮಾತ್ರ. ಋಗ್ವೇದದ ಗಂಧರ್ವ ಸೋಮವನ್ನು ಕಾಯುವವನು. ಅದೇ ವೇದದ 10ನೇ ಮಂಡಲದ ವಿವಾಹಸೂಕ್ತದಲ್ಲಿ ವಿಶ್ವಾವಸು ಎಂಬ ಗಂಧರ್ವನಿಗೆ, ವಧುವನ್ನು ಬಿಟ್ಟು ಏಳು ಎಂದು ಹೇಳುವ ಮಂತ್ರವಿದೆ. ಕಾವಲು, ಹಟ, ಹಕ್ಕು ಸಾಧಿಸುವುದು ಇವೆಲ್ಲ ಅವರಿಗೆ ಮೊದಲಿನಿಂದಲೂ ಇದ್ದದ್ದೇ.

ರಥ ಸುಟ್ಟದ್ದು ಚಿತ್ರಸೇನನದಲ್ಲ, ಚಿತ್ರರಥನೆಂಬ ಗಂಧರ್ವನದು. ಹೆಸರು ಹತ್ತಿರವಿರುವುದರಿಂದ ಈ ಗೊಂದಲ ಬಹಳ ಜನರಿಗಾಗುತ್ತದೆ. ಆದಿಪರ್ವದಲ್ಲಿ ಪಾಂಡವರು ಪಾಂಚಾಲಕ್ಕೆ ಹೊರಟಾಗ ರಾತ್ರಿ ಗಂಗೆಯ ದಡದಲ್ಲಿ ಅವರನ್ನು ತಡೆದವನು ಇವನು. ಅಂಗಾರಪರ್ಣ ಎಂದೂ ಹೆಸರು. ಸಂಜೆಯ ನಂತರದ ಹೊತ್ತು ಯಕ್ಷ, ಗಂಧರ್ವ, ರಾಕ್ಷಸರದು ಎಂಬುದು ಅವನ ವಾದ. ಅರ್ಜುನ ಆಗ್ನೇಯಾಸ್ತ್ರದಿಂದ ರಥ ಸುಟ್ಟ ಮೇಲೆ ಸ್ನೇಹ ಬೆಳೆಯಿತು: ಬಯಸಿದ್ದನ್ನೆಲ್ಲ ಕಾಣಬಲ್ಲ ಚಾಕ್ಷುಷೀ ವಿದ್ಯೆಯನ್ನು ಕೊಟ್ಟ, ಕುದುರೆಗಳನ್ನು ಕೊಟ್ಟ, ಪುರೋಹಿತನಿಲ್ಲದೆ ತಿರುಗಬೇಡಿ ಎಂದು ಧೌಮ್ಯರ ಹೆಸರು ಹೇಳಿದ. ಇಷ್ಟು ದೊಡ್ಡ ಉಪಕಾರ ಮಾಡಿದವನನ್ನು ಮರೆಯಬಾರದು.

ಚಿತ್ರಸೇನ ಬರುವುದು ವನಪರ್ವದಲ್ಲಿ. ಇಂದ್ರಲೋಕದಲ್ಲಿ ಅರ್ಜುನನಿಗೆ ಸಂಗೀತ, ನೃತ್ಯ ಕಲಿಸಿದವನು ಅವನೇ. ವಿರಾಟನ ಮನೆಯಲ್ಲಿ ಬೃಹನ್ನಳೆ ಉತ್ತರೆಗೆ ಹೇಳಿಕೊಟ್ಟದ್ದು ಆ ವಿದ್ಯೆಯನ್ನೇ. ದ್ವೈತವನದಲ್ಲಿ ಚಿತ್ರಸೇನನ ಗಂಧರ್ವರೊಂದಿಗೆ ಕೌರವರ ಕಾಳಗ ನಡೆದಾಗ, ರಥ ಮುರಿದುಹೋದ ಕರ್ಣ ವಿಕರ್ಣನ ರಥವೇರಿ ಓಡಿದ, ದುರ್ಯೋಧನ ಸೆರೆಯಾದ. ಧರ್ಮರಾಯ ನಾಲ್ವರು ತಮ್ಮಂದಿರನ್ನೂ ಕಳಿಸಿ ಬಿಡಿಸಿದ. ಗುರು ಶಿಷ್ಯರೇ ಎದುರುಬದುರಾಗುವ ಈ ಸನ್ನಿವೇಶ ನಮ್ಮ ದೃಷ್ಟಿಯಲ್ಲಿ ವನಪರ್ವದ ಅತ್ಯುತ್ತಮ ಭಾಗಗಳಲ್ಲೊಂದು.

ಪ್ರಶ್ನೆ: ತುಂಬುರುವಿನ ವೀಣೆಯೇ ತಂಬೂರಿಯೇ?

ಉತ್ತರ: ಅಲ್ಲ. ಅವನ ವೀಣೆ ಕಲಾವತಿ. ನಾರದನದು ಮಹತೀ, ವಿಶ್ವಾವಸುವಿನದು ಬೃಹತೀ, ಸರಸ್ವತಿಯದು ಕಚ್ಛಪೀ. ನಾಲ್ಕು ತಂತಿಗಳ ಇಂದಿನ ತಂಬೂರಿ ಶ್ರುತಿಗಷ್ಟೇ ಮೀಸಲು, ಅದರಲ್ಲಿ ವೀಣೆಯಂತೆ ಸ್ವರದ ಮೆಟ್ಟಿಲುಗಳೂ ಇಲ್ಲ, ರಾಗ ನುಡಿಸುವುದೂ ಇಲ್ಲ. ರಸಪ್ರಶ್ನೆಯಲ್ಲಿ ಕೇಳಿದರೆ ಕಲಾವತಿ ಎಂದೇ ಬರೆಯಿರಿ.

ಪ್ರಶ್ನೆ: ಗಜೇಂದ್ರನನ್ನು ಹಿಡಿದ ಮೊಸಳೆಯೂ ಗಂಧರ್ವನೇ?

ಉತ್ತರ: ಹೌದು. ಭಾಗವತದ 8ನೇ ಸ್ಕಂಧದ ಪ್ರಕಾರ ಅವನು ಹೂಹೂ, ದೇವಲ ಮುನಿಯ ಶಾಪದಿಂದ ಮೊಸಳೆಯಾದವನು. ಆನೆ ಮಾತ್ರ ಗಂಧರ್ವನಲ್ಲ. ಅಗಸ್ತ್ಯರು ಶಪಿಸಿದ ಪಾಂಡ್ಯ ದೊರೆ ಇಂದ್ರದ್ಯುಮ್ನ.